ಇಲಿಯ ತಲೆಯೊಳಗಿನ ದಾರಿ

 

ಈ ವರ್ಷ ಯಾವ ವಿಷಯದ ಮೇಲೆ ಮಾತಾಡುತ್ತೀರಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನಾನು "ಇಲಿ" ಎಂದೆ. ಅವರು ನಕ್ಕುಬಿಟ್ಟರು. ಉರ್ದು, ಕನ್ನಡ ಕಲಿಸುವವರಿಗೆ ಇಲಿಯ ಸಹವಾಸ ಏಕೆ ಎಂದರು. ಏಕೆಂದು ಮುಂದೆ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿರಲಿ.

ತಾಯಲೂರಿನ ನಮಗೆ ಇಲಿ ಹೊಸ ಪ್ರಾಣಿಯಲ್ಲ. ಕನ್ನಡದಲ್ಲಿ ಹೆಗ್ಗಣ ಎನ್ನುತ್ತೇವೆ, ನಮ್ಮ ಮನೆಗಳಲ್ಲಿ ಘೂಸ್ ಎನ್ನುತ್ತೇವೆ, ಪಕ್ಕದ ಮನೆಯ ತೆಲುಗಿನವರು ಪಂದಿಕೊಕ್ಕು ಎನ್ನುತ್ತಾರೆ. ಈ ಪಂದಿಕೊಕ್ಕು ಎಂಬ ಪದವೇ ಇಂಗ್ಲಿಷಿಗೆ ಹೋಗಿ ಬ್ಯಾಂಡಿಕೂಟ್ ಆಯಿತೆಂಬುದು ನಮ್ಮ ಹುಡುಗರಿಗೆ ತಿಳಿದಿರಲಿ. ರಾಗಿ ಕೊಯ್ಲಿನ ನಂತರ ಹೊಲದ ಬದುವಿನಲ್ಲಿ ಬಿಲ ಅಗೆದವರು ಇಲ್ಲಿ ಅನೇಕರಿದ್ದೀರಿ. ಒಳಗೆ ಎಷ್ಟು ಕವಲುಗಳು! ಒಂದು ಕವಲಿನಲ್ಲಿ ಕಾಳಿನ ಉಗ್ರಾಣ, ಇನ್ನೊಂದರಲ್ಲಿ ಮರಿ, ಮತ್ತೊಂದು ತಪ್ಪಿಸಿಕೊಳ್ಳುವ ದಾರಿ. ಕಗ್ಗತ್ತಲಿನಲ್ಲಿ ಅದು ದಾರಿ ತಪ್ಪುವುದಿಲ್ಲ.

ಮನೆಯ ಇಲಿಯನ್ನು ನೋಡಿ. ಗೋಡೆಯ ಅಂಚಿನಲ್ಲಿ ಅದಕ್ಕೊಂದು ಜಾಡು ಇರುತ್ತದೆ. ಆ ಜಾಡಿನಲ್ಲಿ ಹೊಸ ಬೋನು ಇಟ್ಟರೆ ಎಷ್ಟೋ ಸಲ ಮೊದಲ ರಾತ್ರಿ ಹತ್ತಿರ ಸುಳಿಯುವುದಿಲ್ಲ. ನಮ್ಮ ಅಮ್ಮಿ ಇದಕ್ಕೆ "ಚೂಹೇ ಕೊ ಸಬ್ ಮಾಲೂಮ್" ಎನ್ನುತ್ತಿದ್ದರು. ಆದರೆ ಯೋಚಿಸಿ, ಒಂದು ವಸ್ತು ಹೊಸದಾಗಿ ಬಂದಿದೆ ಎಂದು ತಿಳಿಯಬೇಕಾದರೆ ಅಲ್ಲಿ ಮೊದಲು ಏನಿತ್ತು, ಏನಿರಲಿಲ್ಲ ಎಂಬುದು ತಲೆಯಲ್ಲಿ ಇರಬೇಕಲ್ಲವೇ? ಸುಮಾರು ಎರಡು ಗ್ರಾಂ ತೂಗುವ ಮಿದುಳಿನಲ್ಲಿ ಇಡೀ ಮನೆಯ ನಕ್ಷೆ!

ನಕ್ಷೆ ಎಂಬ ಮಾತನ್ನು ಮೊದಲು ಧೈರ್ಯವಾಗಿ ಹೇಳಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್, 1948ರಲ್ಲಿ. ಇಲಿ ಕೇವಲ ಬಲಕ್ಕೆ ತಿರುಗು, ಎಡಕ್ಕೆ ತಿರುಗು ಎಂಬ ಅಭ್ಯಾಸವನ್ನು ಕಲಿಯುವುದಿಲ್ಲ, ಜಾಗದ ಚಿತ್ರವನ್ನೇ ಮನಸ್ಸಿನಲ್ಲಿ ಮಾಡಿಕೊಳ್ಳುತ್ತದೆ ಎಂದರು. ಎಲ್ಲಿದೆ ಆ ಚಿತ್ರ, ತೋರಿಸಿ ಎಂದರೆ ಆಗ ಯಾರ ಬಳಿಯೂ ಉತ್ತರವಿರಲಿಲ್ಲ.

ಉತ್ತರ ಬಂದದ್ದು 1971ರಲ್ಲಿ, ಲಂಡನ್ನಿನಲ್ಲಿ. ಜಾನ್ ಒ'ಕೀಫ್ ಮತ್ತು ಅವರ ವಿದ್ಯಾರ್ಥಿ ಜೊನಾಥನ್ ಡಾಸ್ಟ್ರೋವ್‌ಸ್ಕಿ ಇಲಿಯ ಮಿದುಳಿನ ಹಿಪ್ಪೋಕ್ಯಾಂಪಸ್ ಎಂಬ ಭಾಗದೊಳಗೆ ಕೂದಲಿನಂಥ ತಂತಿಗಳನ್ನು ಇಳಿಸಿ, ಇಲಿ ಓಡಾಡುವಾಗ ಅಲ್ಲಿನ ನರಕೋಶಗಳ ಮಿಡಿತವನ್ನು ಆಲಿಸಿದರು. ಒಂದು ನರಕೋಶ ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುತ್ತಿತ್ತು, ಉಳಿದ ಹೊತ್ತು ಹೆಚ್ಚುಕಡಿಮೆ ಮೌನ. ಬೇರೊಂದು ಜಾಗಕ್ಕೆ ಬೇರೊಂದು ನರಕೋಶ. ತಾಯಲೂರಿನ ಲೆಕ್ಕದಲ್ಲಿ ಹೇಳುವುದಾದರೆ, ಬಸ್ ನಿಲ್ದಾಣಕ್ಕೆ ಬಂದಾಗ ಒಂದು ದೀಪ ಹತ್ತಿದಂತೆ, ಮಸೀದಿಯ ತಿರುವಿಗೆ ಬಂದಾಗ ಇನ್ನೊಂದು ಹತ್ತಿದಂತೆ. ಇವನ್ನು ಸ್ಥಳಕೋಶಗಳು ಎನ್ನಬಹುದು.

ಜಾಗ ತಿಳಿದರೆ ಸಾಲದು, ದೂರವೂ ದಿಕ್ಕೂ ತಿಳಿಯಬೇಕು. ತಲೆ ಯಾವ ಕಡೆಗೆ ತಿರುಗಿದೆ ಎಂದು ಹೇಳುವ ನರಕೋಶಗಳು 1980ರ ದಶಕದಲ್ಲಿ ಸಿಕ್ಕವು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ದಂಪತಿಗಳ ತಂಡ ಹಿಪ್ಪೋಕ್ಯಾಂಪಸ್ಸಿನ ಪಕ್ಕದ ಎಂಟೋರೈನಲ್ ಕಾರ್ಟೆಕ್ಸ್ ಎಂಬ ಭಾಗದಲ್ಲಿ ಇನ್ನೊಂದು ಅಚ್ಚರಿ ಕಂಡಿತು. ಅಲ್ಲಿನ ಒಂದೊಂದು ನರಕೋಶವೂ ಒಂದೇ ಜಾಗದಲ್ಲಲ್ಲ, ಸಮ ಅಂತರದ ಅನೇಕ ಜಾಗಗಳಲ್ಲಿ ಮಿಡಿಯುತ್ತದೆ. ಆ ಜಾಗಗಳನ್ನು ಕಾಗದದ ಮೇಲೆ ಗುರುತಿಸಿದರೆ, ಒಂದು ಸಾಲಿನ ಎರಡು ಚುಕ್ಕಿಗಳ ನಡುವೆ ಮುಂದಿನ ಸಾಲಿನ ಚುಕ್ಕಿ ಬರುವಂತೆ ಇಟ್ಟ ರಂಗೋಲಿಯಾಗುತ್ತದೆ. ಇಲಿಯ ಅಳತೆಪಟ್ಟಿ ಇದು. 2014ರ ನೊಬೆಲ್ ಪ್ರಶಸ್ತಿ ಒ'ಕೀಫ್ ಮತ್ತು ಮೋಸರ್ ದಂಪತಿಗಳಿಗೆ ದೊರೆಯಿತು.

ಹಗಲು ನಡೆದ ದಾರಿಯನ್ನು ಇಲಿ ನಿದ್ದೆಯಲ್ಲಿಯೂ ಓದುತ್ತದೆ. ಓಡಾಡುವಾಗ ಒಟ್ಟಿಗೆ ಮಿಡಿದ ಸ್ಥಳಕೋಶಗಳು ಆಮೇಲಿನ ನಿದ್ದೆಯಲ್ಲಿ ಮತ್ತೆ ಒಟ್ಟಿಗೆ ಮಿಡಿಯುತ್ತವೆ ಎಂದು 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಎಂಬ ವಿಜ್ಞಾನಿಗಳು ತೋರಿಸಿದರು. ಪರೀಕ್ಷೆಯ ಹಿಂದಿನ ರಾತ್ರಿ ಬೆಳಗಿನವರೆಗೆ ಎಚ್ಚರವಿರುವ ನನ್ನ ವಿದ್ಯಾರ್ಥಿಗಳು ಇದನ್ನು ಎರಡು ಸಲ ಓದಿಕೊಳ್ಳಲಿ.

ಹಿಪ್ಪೋಕ್ಯಾಂಪಸ್ ನಮ್ಮಲ್ಲೂ ಇದೆ. 1953ರಲ್ಲಿ ಅಮೆರಿಕದ ಒಬ್ಬ ರೋಗಿಗೆ ಮೂರ್ಛೆರೋಗದ ಚಿಕಿತ್ಸೆಗಾಗಿ ಎರಡೂ ಬದಿಯ ಈ ಭಾಗವನ್ನು ಬಹುಪಾಲು ತೆಗೆದುಹಾಕಿದರು. ಅನಂತರ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸದಾಗಿ ನಡೆದ ಸಂಗತಿಗಳು ಆತನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ದಾರಿಗೂ ನೆನಪಿಗೂ ಮಿದುಳಿನಲ್ಲಿ ಮನೆ ಒಂದೇ. ಹಿಫ್ಜ್ ಮಾಡುವ ಮಕ್ಕಳಿಗೆ ಉಸ್ತಾದರು ಒಂದೇ ಅಚ್ಚಿನ ಪ್ರತಿಯನ್ನು ಕೊನೆಯವರೆಗೂ ಬಳಸಲು ಹೇಳುವುದು ನಿಮಗೆ ಗೊತ್ತಿದೆ. ಯಾವ ಆಯತ್ ಪುಟದ ಯಾವ ಮೂಲೆಯಲ್ಲಿದೆ ಎಂಬುದೂ ನೆನಪಿಗೆ ಆಸರೆ. ಪ್ರಯೋಗಶಾಲೆಗಿಂತ ಬಹಳ ಮೊದಲೇ ಅವರು ಇದನ್ನು ಅನುಭವದಿಂದ ಅರಿತಿದ್ದರು.

ಇನ್ನು ನಮ್ಮ ಬೆಂಗಳೂರಿನ ಕಥೆ. ಮುಳಬಾಗಿಲಿನಿಂದ ನೂರು ಕಿಲೋಮೀಟರಿನಷ್ಟು ದೂರದಲ್ಲಿ ಇಂಥ ಕೆಲಸ ನಡೆದಿದೆ ಎಂದರೆ ನಮ್ಮ ಹುಡುಗರು ನಂಬುವುದಿಲ್ಲ, ವಿಜ್ಞಾನವೆಂದರೆ ವಿಲಾಯತಿ ಎಂದೇ ಅವರ ಎಣಿಕೆ. ಹೆಬ್ಬಾಳದಾಚೆ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇದೆ. (ಅದೇ ಆವರಣದ ಕೃಷಿ ವಿಶ್ವವಿದ್ಯಾಲಯದಲ್ಲಿ ಹೊಲದ ಇಲಿಗಳ ಹಾವಳಿ ತಡೆಯುವ ಸಂಶೋಧನೆಯೂ ನಡೆದಿದೆ. ಒಂದೇ ಕಾಂಪೌಂಡಿನಲ್ಲಿ ಇಲಿಗೆ ವೈರಿಗಳೂ ಉಂಟು, ಶಿಷ್ಯರೂ ಉಂಟು.) ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೊಡನೆ ಸೇರಿ 2002ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟರು. ಹಿಪ್ಪೋಕ್ಯಾಂಪಸ್ಸಿನ ನರಕೋಶಗಳ ಕೊಂಬೆಗಳು ಮುದುಡಿದ್ದವು. ಆದರೆ ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾ ಎಂಬ ಭಾಗದಲ್ಲಿ ಕೊಂಬೆಗಳು ಇನ್ನಷ್ಟು ಹರಡಿ ಬೆಳೆದಿದ್ದವು!

2004ರಲ್ಲಿ ಅದೇ ಚಟರ್ಜಿಯವರ ತಂಡ ಮುಂದಿನ ಪ್ರಶ್ನೆ ಕೇಳಿತು: ಕಟ್ಟು ಬಿಚ್ಚಿ 21 ದಿನ ನೆಮ್ಮದಿಯಾಗಿ ಬಿಟ್ಟರೆ ಏನಾಗುತ್ತದೆ? ಹಿಪ್ಪೋಕ್ಯಾಂಪಸ್ ಮೊದಲಿನಂತಾಯಿತು. ಅಮಿಗ್ಡಲಾ ಆಗಲಿಲ್ಲ. ಇಲಿಯ ಅಂಜಿಕೆಯೂ ಹೋಗಲಿಲ್ಲ.

ನಿಮ್ಹಾನ್ಸ್‌ನಲ್ಲಿ ಶಂಕರನಾರಾಯಣ ರಾವ್, ಟಿ.ಆರ್. ರಾಜು ಮತ್ತು ಅವರ ವಿದ್ಯಾರ್ಥಿಗಳು 2009ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ದಿನಕ್ಕೆ 6 ಗಂಟೆಯಂತೆ 21 ದಿನ ಇಲಿಗಳನ್ನು ಬಂಧಿಸಿಟ್ಟರು. ನಂತರ ನಡುವಿನಿಂದ ಸುತ್ತಲೂ ತೋಳುಗಳು ಚಾಚಿದ ಒಂದು ಜಾಲದೊಳಗೆ ಬಿಟ್ಟರು. ಕೆಲವು ತೋಳುಗಳ ತುದಿಯಲ್ಲಿ ಮಾತ್ರ ತಿಂಡಿ, ಯಾವುವು ಎಂದು ಇಲಿ ನೆನಪಿಡಬೇಕು. ಬಂಧನದಲ್ಲಿದ್ದವು ತಪ್ಪಿದವು. ಅವುಗಳ ಹಿಪ್ಪೋಕ್ಯಾಂಪಸ್ಸಿನಲ್ಲಿ ಹೊಸ ಕೋಶಗಳ ಹುಟ್ಟು ಶೇಕಡಾ 70ರಷ್ಟು ಇಳಿದಿತ್ತು. ಇನ್ನು ಕೆಲವು ಬಂಧಿತ ಇಲಿಗಳಿಗೆ ಬಂಧನ ಮುಗಿದ ಮೇಲೆ ದಿನಕ್ಕೆ 6 ಗಂಟೆಯಂತೆ 10 ದಿನ ವಿಶಾಲವಾದ, ಆಟಿಕೆಗಳಿರುವ, ಜೊತೆಗಾರರಿರುವ ಜಾಗ ಕೊಟ್ಟರು. ಹೊಸ ಕೋಶಗಳ ಹುಟ್ಟು ಮೊದಲಿನ ಮಟ್ಟಕ್ಕೆ ಬಂತು, ಜಾಲದಲ್ಲಿ ತಪ್ಪುಗಳೂ ಕಡಿಮೆಯಾದವು. ಹತ್ತೇ ದಿನ!

ಈಗ ಕಾರ್ಯದರ್ಶಿಗಳ ಪ್ರಶ್ನೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮನೆಯಲ್ಲಿ ದಖನಿ, ಬೀದಿಯಲ್ಲಿ ತೆಲುಗು, ಕನ್ನಡ ಅವನಿಗೆ ಮೂರನೆಯದು. ಪದ್ಯ ಬಾಯಿಪಾಠ ಬರುತ್ತಿರಲಿಲ್ಲ. ಬಂದ ಹೊರತು ಆಟಕ್ಕೆ ಬಿಡುವುದಿಲ್ಲ ಎಂದು ಎರಡು ವಾರ ಆಟದ ಹೊತ್ತಿನಲ್ಲಿ ನನ್ನ ಮೇಜಿನ ಮುಂದೆ ಕೂರಿಸಿದೆ. ಹೊಡೆಯಲಿಲ್ಲ, ಬೈಯಲಿಲ್ಲ, ಆದ್ದರಿಂದ ಶಿಕ್ಷೆಯೇ ಅಲ್ಲ ಎಂದು ನನ್ನ ಲೆಕ್ಕ. ಮೂರನೆಯ ವಾರ ನಿಲ್ಲಿಸಿ ಕೇಳಿದರೆ, ಮೊದಲು ಬರುತ್ತಿದ್ದ ನಾಲ್ಕು ಸಾಲೂ ಬರಲಿಲ್ಲ. ನನಗೆ ಸಿಟ್ಟು ಬಂತು. ಬಿಎಡ್‌ನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಓದಿ ಅಂಕ ಪಡೆದಿದ್ದೆ, ಅದು ಆ ಹೊತ್ತಿಗೆ ನೆನಪಾಗಲಿಲ್ಲ.

ಬೆಂಗಳೂರಿನ ಪ್ರಯೋಗಗಳ ಬಗ್ಗೆ ಓದಿದ್ದು ಅದಾದ ಮೇಲೆ. ಹುಡುಗ ಇಲಿಯಲ್ಲ, ನನ್ನ ಮೇಜು ಪ್ರಯೋಗದ ಪಂಜರವೂ ಅಲ್ಲ. ಇಲಿಯ ಫಲಿತಾಂಶವನ್ನು ಹಾಗೆಯೇ ಮಗುವಿನ ಮೇಲೆ ಹೊರಿಸಬಾರದೆಂದು ನನಗೂ ಗೊತ್ತು. ಆದರೂ ಆ ದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುವಾರ ಕನ್ನಡ ಪೀರಿಯಡ್‌ನಲ್ಲಿ ಪದ್ಯ ಬಿಟ್ಟು, ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆದು ಜಾಗಗಳ ಹೆಸರನ್ನು ಕನ್ನಡದಲ್ಲಿ ಬರೆಯಿರಿ ಎಂದೆ. ಪದ್ಯ ಚೆನ್ನಾಗಿ ಹೇಳುವ ಮಕ್ಕಳು ಎರಡು ಗೆರೆ ಎಳೆದು ಮನೆ, ಶಾಲೆ ಎಂದು ಬರೆದರು. ಈ ಹುಡುಗ ಹಾಳೆಯ ಎರಡೂ ಬದಿ ತುಂಬಿಸಿದ. ಕೊಳಾಯಿ, ಹುಣಸೆಮರ, ಟೊಮೇಟೊ ತೋಟದ ಬೇಲಿಯ ಸಂದಿ, ಯಾರ ನಾಯಿ ಎಲ್ಲಿ ಮಲಗುತ್ತದೆ, ಬದುವಿನಲ್ಲಿ ಹೆಗ್ಗಣದ ಬಿಲ ಎಲ್ಲಿದೆ, ಎಲ್ಲವೂ ಇತ್ತು. ಕಾಗುಣಿತ ತಪ್ಪಿತ್ತು, ಜಾಗ ತಪ್ಪಿರಲಿಲ್ಲ. ಸಂಜೆ ಅದೇ ದಾರಿಯಲ್ಲಿ ನಡೆದು ನೋಡಿ ಬಂದೆ.

ಆ ಹಾಳೆಯನ್ನು ಅವನು ತಾನೇ ನನ್ನ ಮೇಜಿಗೆ ತಂದು ಕೊಡಲಿಲ್ಲ. ಪಕ್ಕದ ಹುಡುಗನ ಕೈಯಲ್ಲಿ ಕಳುಹಿಸಿದ.