ಹಿಂದಿನ ಸಾಲಿಗೂ ಮಾತು ಕೇಳಲಿ
(ಅರಬೈಲಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ವಾರ್ಷಿಕೋತ್ಸವಕ್ಕೆ ಮಕ್ಕಳು ತಿಂಗಳುಗಟ್ಟಲೆ ತಯಾರಿ ಮಾಡುತ್ತಾರೆ. ಉರ್ದುವಿನ ಸೀನ್-ಶೀನ್, ಕನ್ನಡದ ಅಲ್ಪಪ್ರಾಣ-ಮಹಾಪ್ರಾಣಗಳನ್ನು ತಿದ್ದಿ ತಿದ್ದಿ ಕಲಿಸಿರುತ್ತೇವೆ. ಆದರೆ ಮೈಕಿನ ಹಾದಿಯಲ್ಲಿ ದನಿ ಒಡೆದರೆ ಆ ವ್ಯತ್ಯಾಸಗಳೇ ಮೊದಲು ಅಳಿಸಿಹೋಗುತ್ತವೆ. ಹಿಂದೆ ಕುಳಿತ ತಾಯಿಗೆ ಸದ್ದು ಕೇಳುತ್ತದೆ, ಮಗುವಿನ ಮಾತು ಕೇಳುವುದಿಲ್ಲ. ಆದ್ದರಿಂದ ಈ ವಿಷಯ ಸೌಂಡ್‌ನವರಿಗೆ ಮಾತ್ರ ಸೇರಿದ್ದಲ್ಲ.

ಮೈಕಿನಿಂದ ಬರುವ ವಿದ್ಯುತ್ ಸಂಕೇತ ತೀರ ಸಣ್ಣದು, ಕೆಲವೇ ಮಿಲಿವೋಲ್ಟ್. ಅದನ್ನು ಸುಮಾರು 1 ವೋಲ್ಟಿನ ‘ಲೈನ್’ ಮಟ್ಟಕ್ಕೆ ಏರಿಸುವ ಸಾಧನವೇ ಪ್ರಿಆಂಪ್. ಡಿಜಿಟಲ್ ಮಿಕ್ಸರಿನೊಳಗೇ ಕೆಲವು ಪ್ರಿಆಂಪ್‌ಗಳಿರುತ್ತವೆ. ಉದಾಹರಣೆಗೆ ಯಮಹಾ 01ವಿ96 ಮಿಕ್ಸರಿನಲ್ಲಿ ಇರುವುದು 12. ನಾಟಕ, ಸಮೂಹಗಾನ, ನಿರೂಪಣೆ ಎಲ್ಲ ಸೇರಿದರೆ ಅಷ್ಟು ಸಾಲದು. ಆಗ ಹೊರಗಿನ ಪ್ರಿಆಂಪ್ ಜೋಡಿಸಬೇಕಾಗುತ್ತದೆ. ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು, ಸಾಮಾನ್ಯ ವಾಯರಿನ ದಾರಿ. ಪ್ರಿಆಂಪಿನಿಂದ ಹೊರಟ ಸಂಕೇತವನ್ನು ಮಿಕ್ಸರಿನ ಲೈನ್ ಇನ್‌ಪುಟ್‌ಗೆ ಕೊಡಬೇಕು. ಮೈಕ್ ಇನ್‌ಪುಟ್‌ಗೆ ಕೊಟ್ಟರೆ ಒಮ್ಮೆ ಏರಿಸಿದ್ದನ್ನೇ ಮತ್ತೆ ಏರಿಸಿದಂತಾಗಿ ದನಿ ಒಡೆಯುತ್ತದೆ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟನ್ನು ಪ್ರಿಆಂಪಿನಿಂದಲೇ ಕೊಡಿ. ಮಿಕ್ಸರಿನ ಆ ಚಾನೆಲ್‌ನಲ್ಲಿ ಅದು ಬಂದ್ ಇರಲಿ.

ಎರಡನೆಯದು, ಬೆಳಕಿನ ದಾರಿ. ಬೆಹ್ರಿಂಗರ್ ಎಡಿಎ8200ನಂಥ ಪೆಟ್ಟಿಗೆ 8 ಮೈಕುಗಳ ದನಿಯನ್ನು ಅಂಕಿಗಳಾಗಿ ಮಾಡಿ, ‘ಎಡಾಟ್’ ಎಂಬ ಒಂದೇ ಆಪ್ಟಿಕಲ್ ಕೇಬಲಿನಲ್ಲಿ ಕಳಿಸುತ್ತದೆ. ಆಗ 12ಕ್ಕೆ 8 ಸೇರಿ 20 ಮೈಕುಗಳಾದವು. ಈ ಕೇಬಲ್ ಗಿಡ್ಡವಾಗಿರಬೇಕು, ಮಡಚಬಾರದು. ಪೆಟ್ಟಿಗೆ ಮಿಕ್ಸರಿನ ಪಕ್ಕದಲ್ಲೇ ಇರಲಿ, ವೇದಿಕೆಯವರೆಗಿನ ದೂರವನ್ನು ಮೈಕಿನ ಮೂರು ಪಿನ್ನಿನ ಕೇಬಲ್ ನೋಡಿಕೊಳ್ಳುತ್ತದೆ.

ಇಲ್ಲಿ ಗಡಿಯಾರದ ಪ್ರಶ್ನೆ ಬರುತ್ತದೆ. ಎರಡೂ ಯಂತ್ರಗಳು ದನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತವೆ ಎನ್ನೋಣ. ಕವಾಯತಿನಲ್ಲಿ ಇಬ್ಬರು ಮಾಸ್ತರರು ಬೇರೆ ಬೇರೆ ಲಯದಲ್ಲಿ ಎಣಿಸಿದರೆ ಮಕ್ಕಳ ಹೆಜ್ಜೆ ತಪ್ಪುವುದಿಲ್ಲವೇ? ಹಾಗೆಯೇ ಇಲ್ಲಿಯೂ ‘ಟಿಕ್ ಟಿಕ್’ ಸದ್ದು ಬರುತ್ತದೆ. ಒಂದು ಯಂತ್ರ ಎಣಿಸಬೇಕು, ಇನ್ನೊಂದು ಅನುಸರಿಸಬೇಕು. ಎಡಾಟ್ ಕೇಬಲ್ ಒಂದೇ ಇದ್ದರೆ, ಮಿಕ್ಸರಿನ ಕ್ಲಾಕ್ ಸೆಟ್ಟಿಂಗಿನಲ್ಲಿ ‘ಎಡಾಟ್’ ಆರಿಸಿದರಾಯಿತು. ನಂತರ ಆ 8 ದನಿಗಳನ್ನು ಯಾವ ಚಾನೆಲ್‌ಗಳಿಗೆ ಕೊಡಬೇಕೆಂದು ಮಿಕ್ಸರಿಗೆ ತಿಳಿಸಬೇಕು.

ದಾರಿ ಯಾವುದೇ ಇರಲಿ, ಪ್ರಿಆಂಪಿನ ಗೇನ್ ಗುಂಡಿಯೇ ಮುಖ್ಯ. ಅತಿ ಜೋರಾಗಿ ಮಾತಾಡುವ ಮಗುವನ್ನು ನಿಲ್ಲಿಸಿ, ಕೆಂಪು ದೀಪ ಹತ್ತದಂತೆ ಸಾಕಷ್ಟು ಅವಕಾಶ ಬಿಟ್ಟು ಅದನ್ನು ಹೊಂದಿಸಿ. ಅಲ್ಲಿ ಒಡೆದ ದನಿಯನ್ನು ಆಮೇಲೆ ಫೇಡರ್ ಇಳಿಸಿ ಸರಿಪಡಿಸಲಾಗದು.

ನಮ್ಮ ಘಟ್ಟದ ಊರಿಗೆ ಸೌಂಡ್ ಸಿಸ್ಟಮ್ ಯಲ್ಲಾಪುರದಿಂದಲೋ ಅಂಕೋಲೆಯಿಂದಲೋ ಬರಬೇಕು. ಒಂದು ಕೇಬಲ್ ಮರೆತರೂ ಓಡಿಹೋಗಿ ತರುವಂತಿಲ್ಲ. ಆದ್ದರಿಂದ ಯಾವ ಮೈಕ್ ಎಲ್ಲಿಗೆ ಎಂಬ ಪಟ್ಟಿಯನ್ನು ಹಿಂದಿನ ದಿನವೇ ಬರೆದಿಡಿ. ವಿಜ್ಞಾನ ಓದುವ ವಿದ್ಯಾರ್ಥಿಗಳೇ, ಈ ಜವಾಬ್ದಾರಿಯನ್ನು ನೀವು ವಹಿಸಿಕೊಳ್ಳಿ. ಪುಸ್ತಕದ ವೋಲ್ಟು ನಿಮ್ಮ ಕೈಗೆ ಬರುವುದು ಇಲ್ಲಿಯೇ. ವೇದಿಕೆಯ ಮೇಲೆ ಹೆದರುತ್ತಾ ನಿಂತ ಪುಟ್ಟ ಮಗುವಿನ ಮಾತು ಕೊನೆಯ ಸಾಲಿಗೆ ಸ್ಪಷ್ಟವಾಗಿ ತಲುಪಿದರೆ, ಅದರಲ್ಲಿ ನಿಮ್ಮ ಪಾಲೂ ಇರುತ್ತದೆ.