ಕಳ್ಳ ಬೀಗ ಒಡೆಯಲ್ಲ, ನಿಮ್ಮಿಂದಲೇ ತೆಗೆಸ್ತಾನೆ



ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಬೀಡಿ ಅಂತ ಒಂದು ಊರಿದೆ. ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವ ನಂದಗಡದ ಸೀಮೆಯ ಊರು. 2025ರ ಮಾರ್ಚ್ ಕೊನೆಯ ವಾರದಲ್ಲಿ ಆ ಊರಿನ ಹೆಸರು ದೇಶದ ಸುದ್ದಿಯಲ್ಲೆಲ್ಲ ಬಂತು. ಯಾಕೆ ಬಂತು ಗೊತ್ತಾ? ವಯಸ್ಸಾದ ಗಂಡ-ಹೆಂಡತಿ, ಇಬ್ಬರೂ ತಮ್ಮ ಜೀವ ತಾವೇ ಕಳೆದುಕೊಂಡರು. ಬಿಟ್ಟುಹೋದ ಪತ್ರದಲ್ಲಿ ಕಾರಣ ಬರೆದಿದ್ದರು. ದೆಹಲಿಯ ಅಧಿಕಾರಿ ಅಂತ ಹೇಳಿಕೊಂಡವನೊಬ್ಬ ಫೋನ್ ಮಾಡಿದ್ದ. ನಿಮ್ಮ ದಾಖಲೆ ಕೊಟ್ಟು ಯಾರೋ ಸಿಮ್ ಕಾರ್ಡ್ ತಗೊಂಡಿದ್ದಾರೆ, ಅದರಿಂದ ಅಪರಾಧ ನಡೆದಿದೆ ಅಂದ. ಆಮೇಲೆ ಇನ್ನೊಬ್ಬ ಬಂದ, ತಾನು ಕ್ರೈಂ ಬ್ರಾಂಚ್ ಅಂದ. ಬಂಧನದ ಭಯ ಹುಟ್ಟಿಸಿದರು. ಹಂತ ಹಂತವಾಗಿ 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಹೋಯ್ತು. ಚಿನ್ನದ ಮೇಲೆ ಸಾಲ ತಂದೂ ಕೊಟ್ಟಿದ್ದರು.

ಈಗ ನಾನೊಂದು ಪ್ರಶ್ನೆ ಕೇಳ್ತೀನಿ. ಯಾವ ಆ್ಯಂಟಿವೈರಸ್ ಇವರನ್ನು ಕಾಪಾಡುತ್ತಿತ್ತು? ಯಾವುದೂ ಇಲ್ಲ. ಅಲ್ಲಿ ವೈರಸ್ಸೇ ಇರಲಿಲ್ಲ. ಇದ್ದದ್ದು ಒಂದು ದನಿ, ಒಂದು ಬೆದರಿಕೆ.

ಹಾಗಾದರೆ ಮನೆಯ ಕಂಪ್ಯೂಟರ್‌ಗೆ ಕಾವಲು ಬೇಡವೇ? ಖಂಡಿತ ಬೇಕು. 2017ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ವಾನ್ನಾಕ್ರೈ ಅನ್ನೋ ಪಿಡುಗು ಜಗತ್ತಿನ ಕಂಪ್ಯೂಟರ್‌ಗಳಿಗೆ ಅಂಟಿಕೊಂಡಿತು. ಫೈಲುಗಳಿಗೆಲ್ಲ ಬೀಗ ಹಾಕಿ, ದುಡ್ಡು ಕೊಟ್ಟರೆ ಮಾತ್ರ ತೆಗೀತೀನಿ ಅಂತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸುವ ಸ್ಥಿತಿ ಬಂತು. ಸೋಜಿಗ ಏನು ಅಂದ್ರೆ, ಆ ರೋಗಕ್ಕೆ ಮದ್ದು ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ, ಮೈಕ್ರೋಸಾಫ್ಟ್ ಬಿಡುಗಡೆ ಮಾಡಿತ್ತು. ಅಪ್‌ಡೇಟ್ ಹಾಕಿಕೊಂಡವರು ಬಚಾವಾದರು. 'ನಾಳೆ ಮಾಡೋಣ' ಅಂದವರು ಸಿಕ್ಕಿಬಿದ್ದರು.

ನಮ್ಮ ಮನೆಗಳಲ್ಲೂ ಅದೇ 'ನಾಳೆ'. ಮೂಲೆಯಲ್ಲಿರೋ ಹಳೇ ಕಂಪ್ಯೂಟರ್‌ನಲ್ಲಿ ಇನ್ನೂ ವಿಂಡೋಸ್ 10 ಇದ್ದರೆ ಕೇಳಿಸಿಕೊಳ್ಳಿ, ಅದಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಂಗಡಿಯವನು ಪುಕ್ಕಟೆ ಹಾಕಿಕೊಟ್ಟ ಕದ್ದ ಸಾಫ್ಟ್‌ವೇರ್ ಇದ್ದರೆ, ಅದರ ಜೊತೆ ಇನ್ನೇನು ಬಂದು ಕೂತಿದೆಯೋ ಯಾರಿಗೆ ಗೊತ್ತು? ಹೀಗೆ ಮಾಡಿ. ಅಪ್‌ಡೇಟ್ ತಾನಾಗೇ ಆಗೋ ಹಾಗೆ ಇಡಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಅನ್ನು ಆಫ್ ಮಾಡಬೇಡಿ. ಮಕ್ಕಳು ಆಟ ಆಡೋದಕ್ಕೆ ಅಡ್ಮಿನ್ ಖಾತೆ ಕೊಡಬೇಡಿ, ಬೇರೆ ಸಾದಾ ಖಾತೆ ಮಾಡಿಕೊಡಿ. ಮದುವೆ ಫೋಟೋ, ಹೊಲದ ಉತಾರ, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲದರ ಒಂದು ಪ್ರತಿ ಬೇರೆ ಹಾರ್ಡ್ ಡಿಸ್ಕ್‌ಗೆ ಹಾಕಿ, ಹಾಕಿದ ಮೇಲೆ ವೈರ್ ಕಿತ್ತು ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತೆ.

ಇಷ್ಟು ಮಾಡಿದರೆ ಯಂತ್ರ ಭದ್ರ. ಆದರೆ ಯಂತ್ರದ ಮುಂದೆ ಕೂತ ಮನುಷ್ಯ?

ನೋಡಿ, ಇವತ್ತಿನ ಬಹುಪಾಲು ಮೋಸ ನಮ್ಮ ಬೆರಳಿನಿಂದಲೇ ಒಳಗೆ ಬರೋದು. ಪರದೆ ತುಂಬ ಕೆಂಪು ಬಣ್ಣ, 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ತಕ್ಷಣ ಈ ನಂಬರ್‌ಗೆ ಕರೆ ಮಾಡಿ' ಅಂತ ಬರುತ್ತೆ. ಮೈಕ್ರೋಸಾಫ್ಟ್‌ನ ಯಾವ ಎಚ್ಚರಿಕೆ ಸಂದೇಶದಲ್ಲೂ ಫೋನ್ ನಂಬರ್ ಇರೋದೇ ಇಲ್ಲ. ಗಾಬರಿಯಲ್ಲಿ ಕರೆ ಮಾಡಿದಿರೋ, ಆಚೆಯವನು ದೂರದಿಂದಲೇ ನಿಮ್ಮ ಪರದೆ ನೋಡೋ ಆ್ಯಪ್ ಹಾಕಿಸ್ತಾನೆ. ಅಲ್ಲಿಗೆ ಮನೆಯ ಕೀಲಿಕೈ ಕೊಟ್ಟ ಹಾಗಾಯ್ತು. ಫೋನ್‌ನಲ್ಲೂ ಇದೇ ಕತೆ. ವಾಟ್ಸ್ಆ್ಯಪ್‌ಗೆ ಲಗ್ನಪತ್ರಿಕೆ ಅಂತ, ಟ್ರಾಫಿಕ್ ದಂಡ ಅಂತ ಒಂದು ಎಪಿಕೆ ಫೈಲ್ ಬರುತ್ತೆ. ಲಗ್ನಪತ್ರಿಕೆ ಫೋಟೋ ಆಗಿರಬಹುದು, ಪಿಡಿಎಫ್ ಆಗಿರಬಹುದು. ಇನ್‌ಸ್ಟಾಲ್ ಮಾಡು ಅನ್ನೋ ಲಗ್ನಪತ್ರಿಕೆ ಎಲ್ಲಾದರೂ ಇದೆಯಾ? ಹಾಕಿಕೊಂಡರೆ ನಿಮ್ಮ ಒಟಿಪಿ ಎಲ್ಲ ಅವನು ಓದ್ತಾನೆ.

ಇಲ್ಲೆಲ್ಲ ಕಳ್ಳನ ಬಂಡವಾಳ ಎರಡೇ. ನಿಮ್ಮನ್ನು ಹೆದರಿಸಬೇಕು, ಒಂಟಿ ಮಾಡಬೇಕು. 'ಯಾರಿಗೂ ಹೇಳಬೇಡಿ, ಫೋನ್ ಇಡಬೇಡಿ, ಕ್ಯಾಮೆರಾ ಮುಂದಿನಿಂದ ಏಳಬೇಡಿ' ಅಂತಾನಲ್ಲ, ಆ ಮಾತೇ ಅವನ ಆಯುಧ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ಇಂಥ ಒಂದು ಕರೆಯ ಸಂಭಾಷಣೆಯನ್ನೇ ದೇಶಕ್ಕೆ ಕೇಳಿಸಿದರು. ಅದು ನಮ್ಮ ವಿಜಯಪುರದವರಿಗೆ ಬಂದಿದ್ದ ಕರೆ. ಡಿಜಿಟಲ್ ಅರೆಸ್ಟ್ ಅನ್ನೋ ವ್ಯವಸ್ಥೆ ಕಾನೂನಿನಲ್ಲೇ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ಅದಾಗಿ ಐದು ತಿಂಗಳಿಗೆ ಬೀಡಿಯ ಘಟನೆ. ಅಂದರೆ ಭಾಷಣ, ಜಾಹೀರಾತು, ನಮ್ಮಂಥವರ ಚಾನೆಲ್ ಇವೆಲ್ಲ ತಲುಪದ ಜಾಗಕ್ಕೆ ಕಳ್ಳ ತಲುಪ್ತಾನೆ. ಬಾಗಿಲು ಹಾಕಿದ ಮನೆಯೊಳಗೆ, ಒಂಟಿಯಾಗಿ ಕೂತ ಹಿರಿಯರ ಕಿವಿಗೆ.

ರಾಯಣ್ಣನಂಥ ರಾಯಣ್ಣ, ಅವನನ್ನೇ ಬ್ರಿಟಿಷರು ಹಿಡಿದದ್ದು ಯುದ್ಧದಲ್ಲಲ್ಲ, ಮೋಸದಿಂದ. ಮೋಸ ಹೋಗೋದು ದಡ್ಡತನದ ಗುರುತಲ್ಲ. ಓದಿದವರು, ದೊಡ್ಡ ನೌಕರಿ ಮಾಡಿದವರು, ಎಲ್ಲರೂ ಸಿಕ್ಕಿಬೀಳ್ತಿದ್ದಾರೆ.

ಅದಕ್ಕೇ ನನ್ನದೊಂದು ವಿನಂತಿ. ಬೆಂಗಳೂರು, ಪುಣೆ, ಗೋವಾದಲ್ಲಿ ದುಡಿಯೋ ಮಕ್ಕಳು ಇವತ್ತು ರಾತ್ರಿ ಊರಿಗೆ ಫೋನ್ ಮಾಡಿ. 'ಅವ್ವಾ, ಯಾರರ ಪೊಲೀಸ್ ಅಂತ ಫೋನ್ ಮಾಡಿದ್ರ ಇಟ್ಟಬಿಡು, ಮೊದ್ಲ ನನಗ ಹೇಳು, ನಾ ಬೈಯೂದಿಲ್ಲ' ಅನ್ನಿ. ಆ ಕೊನೆಯ ಮಾತು ಮರೀಬೇಡಿ. ಬೈತಾರೆ ಅನ್ನೋ ಭಯಕ್ಕೇ ಎಷ್ಟೋ ಜನ ಮುಚ್ಚಿಡ್ತಾರೆ. ಮಕ್ಕಳಿಲ್ಲದ ಹಿರಿಯರು ಓಣಿಯಲ್ಲಿದ್ದರೆ ಪಕ್ಕದ ಮನೆಯವರು ಹೇಳಿ, 'ಕಾಕಾ, ಏನರ ಇದ್ರ ಒಂದ್ ಸಲ ನನ್ನ ಕರೀರಿ'. ಹೆದರಿದವನಿಗೆ ಐದು ನಿಮಿಷ ಇನ್ನೊಬ್ಬರ ಜೊತೆ ಮಾತು ಸಿಕ್ಕರೆ ಸಾಕು, ಕಳ್ಳನ ನಾಟಕ ಕಳಚಿಬೀಳುತ್ತೆ.

ದುಡ್ಡು ಹೋಗಿಬಿಟ್ಟಿದ್ದರೆ? ಕೂಡಲೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ಓಡಿಸ್ತಾರೆ. ನೀವು ಎಷ್ಟು ಬೇಗ ಹೇಳ್ತೀರೋ, ಬ್ಯಾಂಕ್ ಅದನ್ನು ನಡುದಾರಿಯಲ್ಲಿ ತಡೆಯೋ ಅವಕಾಶ ಅಷ್ಟು ಹೆಚ್ಚು. ನಾಳೆ ಬೆಳಗ್ಗೆ ನೋಡೋಣ ಅನ್ನಬೇಡಿ. ನಿಮ್ಮ ಜಿಲ್ಲೆಯಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ, ಅಲ್ಲೂ ದೂರು ಕೊಡಿ.

ಇನ್ನೊಂದು ನಂಬರ್ ಬರೆದುಕೊಳ್ಳಿ, 14416. ಟೆಲಿ ಮಾನಸ್. ಬದುಕೇ ಬೇಡ ಅನ್ನಿಸಿದಾಗ ಕನ್ನಡದಲ್ಲೇ ಮಾತಾಡಬಹುದು, ಹಗಲಿರಲಿ ರಾತ್ರಿಯಿರಲಿ. ದುಡ್ಡು ಕಳ್ಳ ತಗೊಂಡು ಹೋದ, ಸರಿ. ಮರ್ಯಾದೆ ಹೋಗಬೇಕಾದದ್ದು ಅವನದು, ನಿಮ್ಮದಲ್ಲ.

ಎರಡೂ ನಂಬರ್ ದಪ್ಪ ಅಕ್ಷರದಲ್ಲಿ ಬರೆದು ಕಂಪ್ಯೂಟರ್ ಮೇಲೆ, ಗೋಡೆಯ ಕ್ಯಾಲೆಂಡರ್ ಮೇಲೆ ಅಂಟಿಸಿ. ಹುಷಾರಾಗಿರಿ. ನಮಸ್ಕಾರ.