ಕೂಡಿದ ಪದ, ಬೇರೆಯಾದ ಅರ್ಥ: ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳ ಬೋಧನೆ



ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ಬಾಲಕನೊಬ್ಬನ ಮುಂದೆ ‘ಹಿ ಗೇವ್ ಅಪ್ ಸ್ಮೋಕಿಂಗ್’ ಎಂಬ ವಾಕ್ಯವಿದೆಯೆಂದು ಇಟ್ಟುಕೊಳ್ಳಬಹುದು. ಅವನು ನಿಘಂಟನ್ನು ತೆರೆಯುತ್ತಾನೆ. ‘ಗಿವ್’ ಎಂದರೆ ಕೊಡು. ‘ಅಪ್’ ಎಂದರೆ ಮೇಲೆ. ಎರಡನ್ನೂ ಕೂಡಿಸಿ ‘ಅವನು ಹೊಗೆಯನ್ನು ಮೇಲಕ್ಕೆ ಕೊಟ್ಟನು’ ಎಂದು ಬರೆಯುತ್ತಾನೆ. ಉತ್ತರ ತಪ್ಪು, ಆದರೆ ಶ್ರಮದಲ್ಲಿ ಕೊರತೆಯಿಲ್ಲ. ಪದ ಪದಕ್ಕೂ ಅರ್ಥ ಹುಡುಕಬೇಕೆಂದು ಕಲಿಸಿದ್ದನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಕೆಂಪು ಗೆರೆಯನ್ನು ಕಂಡು ಅವನು ‘ಇಂಗ್ಲಿಷ್ ನನಗೆ ಒಲಿಯುವ ಭಾಷೆಯಲ್ಲ’ ಎಂದು ತೀರ್ಮಾನಿಸಿದರೆ ಅದು ಬಾಲಕನ ಸೋಲಲ್ಲ, ಬೋಧನೆಯ ಸೋಲು.

ಈ ತೊಡಕು ಇಂದಿನದಲ್ಲ. ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ, ಕ್ರಿಯಾಪದದ ಮುಂದೆ ಚಿಕ್ಕ ಪದವೊಂದು ಸೇರಿ ಅರ್ಥ ಬದಲಾಗುವ ಈ ಬಗೆಯು ಪರಭಾಷಿಕರಿಗೆ ಅತ್ಯಂತ ಕಷ್ಟಕರವೆಂದು ಒಪ್ಪಿಕೊಂಡಿದ್ದಾನೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು 1925ರಲ್ಲಿ ಹೊರಬಂದ ಲೋಗನ್ ಪಿಯರ್ಸಲ್ ಸ್ಮಿತ್ತನ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಗ್ರಂಥದಿಂದ. ಹೆಸರನ್ನು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ.

ಲಕ್ಷಣವನ್ನು ಹೀಗೆ ಹೇಳಬಹುದು: ಒಂದು ಕ್ರಿಯಾಪದವೂ ‘ಅಪ್, ಆಫ್, ಔಟ್, ಆನ್, ಡೌನ್’ ಮೊದಲಾದ ಒಂದು ಅವ್ಯಯವೂ ಕೂಡಿ ಒಂದೇ ಕ್ರಿಯೆಯಾಗಿ ನಿಲ್ಲುತ್ತವೆ. ‘ಸಿಟ್ ಡೌನ್’ ಎಂಬಲ್ಲಿ ಬಿಡಿಪದಗಳ ಅರ್ಥವೇ ಸಾಕು. ‘ಗಿವ್ ಅಪ್’ ಎಂಬಲ್ಲಿ ಸಾಲದು. ಈ ಎರಡನೆಯ ಬಗೆಯೇ ಮಕ್ಕಳನ್ನು ಕಾಡುವುದು.

ಇದು ಕನ್ನಡಕ್ಕೆ ಅಪರಿಚಿತವೇ? ‘ಕೈಬಿಡು’ ಎಂಬ ಪದವನ್ನು ಕರಿಹಲಗೆಯ ಮೇಲೆ ಬರೆದು ಅರ್ಥ ಕೇಳಿದರೆ, ಯಾವ ಮಗುವೂ ಕೈಯನ್ನು ಸಡಿಲಿಸಿ ತೋರಿಸುವುದಿಲ್ಲ. ‘ಸ್ನೇಹಿತ ಕೈಕೊಟ್ಟ’ ಎಂದರೆ ಹಸ್ತಲಾಘವವಲ್ಲವೆಂದು ಮಗು ಬಲ್ಲದು. ‘ಕೆಲಸ ಕೈಗೊಂಡರು’, ‘ಬಯಕೆ ಕೈಗೂಡಿತು’, ‘ಸಮಸ್ಯೆ ತಲೆದೋರಿತು’ ಎಂಬಲ್ಲೆಲ್ಲ ಕೈಯೂ ತಲೆಯೂ ತಮ್ಮ ಮೂಲಾರ್ಥವನ್ನು ಬಿಟ್ಟು ಕ್ರಿಯೆಯೊಳಗೆ ಕರಗಿವೆ. ಹೀಗೆ ಮೊದಲು ಕನ್ನಡದ ಐದಾರು ಮಾತುಗಳನ್ನು ಬಿಡಿಸಿ ತೋರಿಸಿ, ಬಳಿಕ ‘ಗಿವ್ ಅಪ್’ ಎಂದರೆ ಕೈಬಿಡು, ‘ಲೆಟ್ ಡೌನ್’ ಎಂದರೆ ಕೈಕೊಡು, ‘ಟೇಕ್ ಅಪ್’ ಎಂದರೆ ಕೈಗೊಳ್ಳು, ‘ಕ್ರಾಪ್ ಅಪ್’ ಎಂದರೆ ತಲೆದೋರು ಎಂದು ಜೋಡಿಸಿದರೆ, ಪಾಠದ ಅರ್ಧ ಭಾರ ಇಳಿಯುತ್ತದೆ. ಪದಗಳನ್ನು ಒಡೆಯದೆ ಇಡಿಯಾಗಿ ಗ್ರಹಿಸಬೇಕೆಂಬ ಮುಖ್ಯ ತತ್ತ್ವವು ಮಗುವಿಗೆ ತನ್ನ ಮಾತಿನಿಂದಲೇ ದೊರೆತಂತಾಗುತ್ತದೆ.

ಇನ್ನೊಂದು ಸಾಮ್ಯ ಇದಕ್ಕಿಂತಲೂ ಉಪಯುಕ್ತವಾದುದು. ಕನ್ನಡದಲ್ಲಿ ‘ತಿನ್ನು’ ಬೇರೆ, ‘ತಿಂದುಬಿಡು’ ಬೇರೆ. ‘ಬಿಡು’ ಎಂಬುದು ಅಲ್ಲಿ ಕ್ರಿಯೆ ಪೂರ್ತಿಯಾಗಬೇಕೆಂಬುದನ್ನು ಸೂಚಿಸುತ್ತದೆ. ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಎಂಬಲ್ಲಿ ‘ಅಪ್’ ಮಾಡುವ ಕೆಲಸವೂ ಅದೇ. ‘ಓದುತ್ತಾ ಹೋಗು’ ಎಂಬಲ್ಲಿನ ‘ಹೋಗು’ ನಡಿಗೆಯಲ್ಲ, ಮುಂದುವರಿಕೆ. ‘ರೀಡ್ ಆನ್’ ಎಂಬಲ್ಲಿನ ‘ಆನ್’ ಕೂಡ ಹಾಗೆಯೇ. ‘ಅಳಿಸಿಹಾಕು’ ಎಂಬುದಕ್ಕೆ ‘ರಬ್ ಔಟ್’, ‘ಬರೆದಿಟ್ಟುಕೊ’ ಎಂಬುದಕ್ಕೆ ‘ರೈಟ್ ಡೌನ್’ ಸಂವಾದಿಯಾಗಿ ನಿಲ್ಲುತ್ತವೆ. ಗಡಿನಾಡಿನ ಮಗುವಿಗೆ ಈ ಅರಿವು ಇಮ್ಮಡಿಯಾಗಿದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಮಗು ಬೀದಿಯಲ್ಲಿ ಮರಾಠಿಯ ‘ಖಾಊನ್ ಟಾಕ್’ ಎಂಬುದನ್ನು ಕೇಳಿರುತ್ತದೆ. ಹೊಸೂರು, ತಾಳವಾಡಿಗಳ ಮಗು ತಮಿಳಿನ ‘ಸಾಪ್ಪಿಟ್ಟುವಿಡು’ ಎಂಬುದನ್ನು ಕೇಳಿರುತ್ತದೆ. ಎರಡೂ ‘ತಿಂದುಬಿಡು’ ಎಂಬುದರ ಸೋದರ ಪ್ರಯೋಗಗಳೇ. ಎರಡು ಭಾಷೆಗಳಲ್ಲಿ ಕಂಡ ಮರ್ಮವನ್ನು ಮೂರನೆಯದರಲ್ಲಿ ಗುರುತಿಸುವುದು ಅಂಥ ಮಗುವಿಗೆ ದುಸ್ತರವಲ್ಲ.

ಆದರೆ ಈ ಸಾಮ್ಯವು ದಾರಿದೀಪವೇ ಹೊರತು ಸೂತ್ರವಲ್ಲ. ‘ಟರ್ನ್ ಅಪ್’ ಎಂದರೆ ಬಂದು ಸೇರು ಎಂಬ ಅರ್ಥವೂ ಉಂಟು. ಅಲ್ಲಿ ಪೂರ್ತಿಯಾಗುವ ಮಾತಿಲ್ಲ. ‘ಟೇಕ್ ಆಫ್’ ಎಂಬುದು ಅಂಗಿಯ ವಿಷಯದಲ್ಲಿ ಕಳಚುವುದು, ವಿಮಾನದ ವಿಷಯದಲ್ಲಿ ಮೇಲೇರುವುದು. ಆದುದರಿಂದ ವಾಕ್ಯವಿಲ್ಲದೆ ಬಿಡಿಯಾಗಿ ಇವನ್ನು ಕಲಿಸಬಾರದು.

ಅರ್ಥದ ನಂತರ ಬರುವುದು ಪದಕ್ರಮ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ನಾಮಪದದ ಕೈಹಿಡಿದಿರುವುದರಿಂದ ಪದಗಳು ಸ್ಥಾನ ಬದಲಿಸಿದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಸ್ಥಾನವೇ ಪ್ರಧಾನ. ‘ಸ್ವಿಚ್ ಆಫ್ ದಿ ಲೈಟ್’ ಸರಿ. ‘ಸ್ವಿಚ್ ದಿ ಲೈಟ್ ಆಫ್’ ಕೂಡ ಸರಿ. ಆದರೆ ನಾಮಪದದ ಬದಲು ಸರ್ವನಾಮ ಬಂದೊಡನೆ ‘ಸ್ವಿಚ್ ಇಟ್ ಆಫ್’ ಎಂದೇ ಹೇಳಬೇಕು. ‘ಸ್ವಿಚ್ ಆಫ್ ಇಟ್’ ಎನ್ನಬಾರದು. ಇದಕ್ಕೆ ವಿರುದ್ಧವಾಗಿ ‘ಲುಕ್ ಆಫ್ಟರ್’ ಎಂಬುದು ಅಗಲದ ಜೋಡಿ: ‘ಲುಕ್ ಆಫ್ಟರ್ ಹರ್’ ಎಂದಷ್ಟೇ ಸರಿ. ಈ ಸರ್ವನಾಮ ಪರೀಕ್ಷೆಯಿಂದ ಮತ್ತೊಂದು ಪ್ರಯೋಜನವುಂಟು. ‘ಶಿ ಲುಕ್ಡ್ ಅಪ್ ದಿ ರೋಡ್’ ಎಂದರೆ ಅವಳು ರಸ್ತೆಯುದ್ದಕ್ಕೂ ನೋಡಿದಳು. ‘ಶಿ ಲುಕ್ಡ್ ಅಪ್ ದಿ ವರ್ಡ್’ ಎಂದರೆ ಪದವನ್ನು ನಿಘಂಟಿನಲ್ಲಿ ಹುಡುಕಿದಳು. ಎರಡನೆಯದನ್ನು ಮಾತ್ರ ‘ಶಿ ಲುಕ್ಡ್ ಇಟ್ ಅಪ್’ ಎಂದು ಬದಲಿಸಬಹುದು. ನೋಡಲು ಒಂದೇ ತೆರನಾದ ವಾಕ್ಯಗಳನ್ನು ಬೇರ್ಪಡಿಸಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಓದುವಾಗಲೂ ‘ಲುಕ್ ಇಟ್ ಅಪ್’ ಎಂಬಲ್ಲಿ ಒತ್ತು ‘ಅಪ್’ ಮೇಲೆ ಬೀಳಬೇಕು.

ಶೈಲಿಯ ಮಾತನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಕನ್ನಡದಲ್ಲಿ ‘ಕಂಡುಹಿಡಿ’ಯೂ ಇದೆ, ‘ಶೋಧಿಸು’ವೂ ಇದೆ. ಇಂಗ್ಲಿಷಿನಲ್ಲಿ ‘ಫೈಂಡ್ ಔಟ್’ ಮತ್ತು ‘ಡಿಸ್ಕವರ್’ ಅದೇ ರೀತಿಯವು. ಸಂಭಾಷಣೆಗೆ ಮೊದಲನೆಯದು ಸಹಜ. ಕಚೇರಿಯ ಪತ್ರದಲ್ಲಿ ‘ಪುಟ್ ಆಫ್’ ಎಂಬುದಕ್ಕಿಂತ ‘ಪೋಸ್ಟ್‌ಪೋನ್’ ಎಂಬುದು ಹೆಚ್ಚು ಒಪ್ಪುತ್ತದೆ.

ತರಗತಿಯಲ್ಲಿ ಅನುಸರಿಸಬಹುದಾದ ಕ್ರಮವಿದು. ‘ಗೆಟ್ ಅಪ್, ಗೆಟ್ ಆನ್, ಗೆಟ್ ಆಫ್, ಗೆಟ್ ಓವರ್’ ಎಂದು ಒಂದೇ ಕ್ರಿಯಾಪದದ ಪಟ್ಟಿಯನ್ನು ಒಂದೇ ದಿನ ಕೊಟ್ಟರೆ, ಅವು ಒಂದರೊಡನೊಂದು ಕಲಸಿಹೋಗುತ್ತವೆ. ಅದರ ಬದಲು ಸನ್ನಿವೇಶವನ್ನು ಹಿಡಿಯಬೇಕು. ಬೆಳಗಿನ ಸನ್ನಿವೇಶಕ್ಕೆ ‘ವೇಕ್ ಅಪ್, ಗೆಟ್ ಅಪ್, ಪುಟ್ ಆನ್, ಸೆಟ್ ಔಟ್’. ಬಸ್ಸಿಗೆ ‘ಗೆಟ್ ಆನ್, ಗೆಟ್ ಆಫ್’. ತರಗತಿಗೆ ‘ಸ್ಟ್ಯಾಂಡ್ ಅಪ್, ರೈಟ್ ಡೌನ್, ರಬ್ ಔಟ್, ಹ್ಯಾಂಡ್ ಇನ್’. ಶಿಕ್ಷಕರು ನುಡಿಯಲಿ, ಮಕ್ಕಳು ಅಭಿನಯಿಸಲಿ. ಬಳಿಕ ಮಕ್ಕಳೇ ನುಡಿಯಲಿ. ವಾರಕ್ಕೆ ಐದಾರು ಸಾಕು. ಪ್ರತಿಯೊಬ್ಬರ ಟಿಪ್ಪಣಿ ಪುಸ್ತಕದಲ್ಲಿ ಮೂರು ಅಂಕಣಗಳಿರಲಿ: ಇಂಗ್ಲಿಷ್ ವಾಕ್ಯ, ಅದಕ್ಕೆ ಸಲ್ಲುವ ಕನ್ನಡದ ಕೂಡುಮಾತು, ಸರ್ವನಾಮವಿಟ್ಟು ತಿರುಗಿಸಿದ ವಾಕ್ಯ. ಕಲಿಯುವವರಿಗಾಗಿ ರಚಿತವಾದ ನಿಘಂಟುಗಳಲ್ಲಿ ‘ಗಿವ್ ಅಪ್’ ಎಂಬುದು ಸಾಮಾನ್ಯವಾಗಿ ‘ಗಿವ್’ ಎಂಬ ನಮೂದಿನ ಕೊನೆಯಲ್ಲಿರುತ್ತದೆ ಎಂಬುದನ್ನು ಪುಟ ತೆರೆದು ತೋರಿಸಬೇಕು. ಮೊದಲಿನ ಆ ಬಾಲಕ ನಿಘಂಟನ್ನು ತೆರೆದಿದ್ದ. ಆದರೆ ಎಲ್ಲಿಯವರೆಗೆ ಓದಬೇಕೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಇಂಗ್ಲಿಷ್ ಪಾಠದಲ್ಲಿ ಕನ್ನಡ ಸುಳಿಯಬಾರದೆಂಬ ನಂಬಿಕೆ ಕೆಲವೆಡೆ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಗ್ಲಿಷ್ ಬಾರದೆಂಬ ಭಯದಿಂದ ಮಕ್ಕಳನ್ನು ಬೇರೆ ಶಾಲೆಗೆ ಕಳಿಸುವ ಪಾಲಕರೂ ಇದ್ದಾರೆ. ಈ ಎರಡಕ್ಕೂ ಉತ್ತರ ವಾದದಿಂದ ದೊರೆಯುವುದಿಲ್ಲ. ‘ಗಿವ್ ಅಪ್’ ಎಂಬುದನ್ನು ಕಂಡೊಡನೆ ‘ಕೈಬಿಡು’ ಎಂದು ನಿಸ್ಸಂಕೋಚವಾಗಿ ನುಡಿಯುವ ಮಗುವಿನಿಂದ ದೊರೆಯುತ್ತದೆ. ಅಂಥ ಮಗು ಇಂಗ್ಲಿಷಿನ ಒಂದು ಪ್ರಯೋಗವನ್ನು ಕಲಿಯುವುದರ ಜೊತೆಗೆ, ತನ್ನ ತಾಯ್ನುಡಿಯಲ್ಲಿ ತಾನು ಅದುವರೆಗೆ ಗಮನಿಸದೆ ಇದ್ದ ಶಕ್ತಿಯೊಂದನ್ನೂ ಕಂಡುಕೊಳ್ಳುತ್ತದೆ. ಗಡಿಯಾಚೆಯ ಕನ್ನಡ ಶಾಲೆಯ ಶಿಕ್ಷಕರು ಮಗುವಿಗೆ ಕೊಡಬಹುದಾದ ಎರಡು ಲಾಭಗಳು ಹೀಗೆ ಒಂದೇ ಪಾಠದಲ್ಲಿ ಕೂಡಿಬರುತ್ತವೆ.